ಸಾಯಬಣ್ಣಂದಿರು ಎಲ್ಲಿ ಹೋದರು?

ಹೋದ ತಿಂಗಳು ನಮ್ಮ ಕಾಕಾನ ಮಗನ ಮನೆಯಲ್ಲಿ ತೊಟ್ಟಿಲು ಕಾರ್ಯ ಇತ್ತು. ಯಾದಗಿರಿ ಜಿಲ್ಲೆ, ಶಹಾಪುರದ ಹತ್ತಿರ ಒಂದು ಸಣ್ಣ ಹಳ್ಳಿ. ಗಂಡು ಕೂಸು. ಹೆಸರು ಏನಿಡೋದು ಅನ್ನೋ ಮಾತು ಬಂದಾಗ ಮೂಲೆಯಲ್ಲಿ ಕೂತಿದ್ದ ಆಯಿ, ಅಂದರೆ ನಮ್ಮಜ್ಜಿ, "ಅವರ ಹೆಸರೇ ಇಡ್ರಿ" ಅಂದಳು. ಅವರು ಅಂದರೆ ತೀರಿಹೋದ ನಮ್ಮ ಮುತ್ಯಾ, ನಮ್ಮಜ್ಜ. ಗಂಡನ ಹೆಸರು ಬಾಯಲ್ಲಿ ತಂದವಳೇ ಅಲ್ಲ ಆಯಿ, ಹಾಗಾಗಿ ಮೊಮ್ಮಗನ ಮಗನಿಗೆ ಯಾವ ಹೆಸರು ಬೇಕು ಅಂತ ಕೇಳುವಾಗಲೂ ಆ ಹೆಸರನ್ನ ಹೇಳಲಿಲ್ಲ.

ಮುತ್ಯಾನ ಹೆಸರು ಸಾಯಬಣ್ಣ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕೂಸಿನ ತಾಯಿ ಮೆಲ್ಲಗೆ, "ಬ್ಯಾಡ್ರಿ, ಸಾಲ್ಯಾಗ ಹುಡುಗ್ರು ನಗ್ತಾರ" ಅಂದಳು. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಹೇಳಿದ್ದು ಅಥರ್ವ ಅಂತ. ಅವಳ ಬೆನ್ನಿಗೆ ನಾಲ್ಕು ಗುದ್ದು ಬಿತ್ತು, ಪುಠಾಣಿ ಸಕ್ಕರೆ ಹಂಚಿದರು, ಮುಗೀತು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ನನಗೆ ಗೊತ್ತಿರೋ ಸಾಯಬಣ್ಣರು ಎಷ್ಟು ಜನ? ಬಹಳ ಜನ ಇದ್ದಾರೆ. ಕಲಬುರಗಿ, ಯಾದಗಿರಿ ಕಡೆ ಯಾವ ಊರಿಗೆ ಹೋದರೂ ಕಟ್ಟೆ ಮೇಲೆ ಒಬ್ಬ ಸಾಯಬಣ್ಣ ಸಿಗ್ತಾನೆ. ಆದರೆ ನನ್ನ ಲೆಕ್ಕದಲ್ಲಿ ನಲವತ್ತರ ಕೆಳಗಿನವರು ಒಬ್ಬರೂ ಇಲ್ಲ. ಇನ್ನು ಈ ಸೀಮೆ ದಾಟಿದರೆ ಹೆಸರೇ ಗೊತ್ತಿಲ್ಲ. ಬೆಂಗಳೂರಿನಲ್ಲಿ ಒಂದು ಕಚೇರಿಯಲ್ಲಿ ನಮ್ಮ ದೊಡ್ಡಪ್ಪ ತಂದೆಯ ಹೆಸರು ಹೇಳಿದಾಗ ಕೌಂಟರಿನವರು 'ಸಾಯಿ' ಒಂದು ಖಾನೆಯಲ್ಲಿ, 'ಬಣ್ಣ' ಇನ್ನೊಂದು ಖಾನೆಯಲ್ಲಿ ತುಂಬಿ, ಇದರಲ್ಲಿ ಅಡ್ಡಹೆಸರು ಯಾವುದು ಅಂತ ಕೇಳಿದ್ದರು. ಮನೆಯಲ್ಲಿ ಇವತ್ತಿಗೂ ಅದೊಂದು ಜೋಕು.

ಹೆಸರು ಬಿಡಿಸಿದರೆ ಎರಡೇ ತುಂಡು, ಸಾಹೇಬ ಮತ್ತು ಅಣ್ಣ. ಸಾಹೇಬ ಅನ್ನೋದು ಅರಬ್ಬಿಯ 'ಸಾಹಿಬ್'. ಅಲ್ಲಿ ಅದರ ಮೊದಲ ಅರ್ಥ ಜೊತೆಗಾರ. ಪ್ರವಾದಿಯವರ ಜೊತೆಗಿದ್ದವರನ್ನ ಸಹಾಬಾ ಅಂತಾರಲ್ಲ, ಅದೂ ಇದೇ ಬೇರಿನ ಮಾತು. ಆಮೇಲೆ ಒಡೆಯ, ಯಜಮಾನ ಅನ್ನೋ ಅರ್ಥವೂ ಬಂತು. ಪಾರ್ಸಿ, ಉರ್ದು ಮೂಲಕ ದಖ್ಖನ್ನಿಗೆ ಬರುವಷ್ಟರಲ್ಲಿ ದೊಡ್ಡವರಿಗೆ ಮರ್ಯಾದೆ ಕೊಟ್ಟು ಕರೆಯೋ ಮಾತಾಗಿತ್ತು. ನಮ್ಮ ಕಡೆ ನಾಲಿಗೆಗೆ ಮಾತಿನ ನಡುವೆ ಬರೋ 'ಹ' ಅಂದರೆ ಅಷ್ಟಕ್ಕಷ್ಟೇ. ಶಹಾಪುರ ನಮಗೆ ಶಾಪುರ, ಸಾಹುಕಾರ ಸಾವ್ಕಾರ. ಹಾಗೇ ಸಾಹೇಬ ಸಾಯಬ ಆಯ್ತು, ಇನ್ನೂ ಸವೆದು ಸಾಬ ಆಯ್ತು. ಅದಕ್ಕೆ ನಮ್ಮ ಅಣ್ಣ ಸೇರಿಕೊಂಡ. ಬಸವಣ್ಣನ ಅಣ್ಣನೇ. ಮರ್ಯಾದೆಯ ಎರಡು ಮಾತು, ಎರಡು ಭಾಷೆಯಿಂದ, ಒಂದರ ಬೆನ್ನಿಗೆ ಒಂದು ಅಂಟಿಕೊಂಡಿವೆ. 'ಸರ್ ಅಣ್ಣ' ಅಂದ ಹಾಗೆ, ಅಲ್ವಾ? ಸ್ವಂತ ಹೆಸರು ಅನ್ನೋದು ಅದರೊಳಗೆ ಇಲ್ಲವೇ ಇಲ್ಲ.

ಹಳ್ಳಿಗಳಲ್ಲಿ ಮುಸ್ಲಿಂ ಹಿರಿಯರ ಹೆಸರು ಹುಸೇನಸಾಬ, ಇಮಾಮಸಾಬ, ಮೌಲಾಸಾಬ ಅಂತಿರುತ್ತವೆ. ಅಲ್ಲಿ ಸಾಬ ಬಾಲ. ಅದೇ ಹುಸೇನ ಪಕ್ಕದ ಓಣಿಯಲ್ಲಿ ಹುಸೇನಪ್ಪ ಆಗ್ತಾನೆ. ತಲೆ ಒಂದೇ, ಬಾಲ ನೋಡಿ ಮನೆ ಯಾವುದು ಅಂತ ಹೇಳಬಹುದು. ಸಾಯಬಣ್ಣನಲ್ಲಿ ಮಾತ್ರ ಬಾಲವಾಗಬೇಕಿದ್ದ ಸಾಬನೇ ತಲೆಯಾಗಿದ್ದಾನೆ.

ಇಂಥ ಹೆಸರು ಯಾಕೆ ಇಟ್ಟರು ಅಂತ ಕೇಳಿದರೆ ಸಾಮಾನ್ಯವಾಗಿ ಬರೋ ಉತ್ತರ ದರ್ಗಾಕ್ಕೆ ಹೊತ್ತ ಹರಕೆ ಅನ್ನೋದು. ಅದರಲ್ಲಿ ನಿಜ ಬಹಳ ಇದೆ. ಸೂಫಿ ಸಂತ ಖಾಜಾ ಬಂದೇನವಾಜರು ದಿಲ್ಲಿಯಿಂದ ಕಲಬುರಗಿಗೆ ಬಂದದ್ದು 1400ರ ಸುಮಾರಿಗೆ, ತೀರಿಕೊಂಡದ್ದು 1422ರಲ್ಲಿ. ಈ ಸೀಮೆಯ ರೈತ, ಕೂಲಿ, ವ್ಯಾಪಾರಿ ಎಲ್ಲರೂ ಕೂಸು ಬೇಕು ಅಂದರೆ, ಕೂಸು ಉಳೀಬೇಕು ಅಂದರೆ ಶರಣಬಸಪ್ಪನ ಗುಡಿಗೂ ಹೋಗ್ತಾರೆ, ದರ್ಗಾಕ್ಕೂ ಹೋಗ್ತಾರೆ. ಸಕ್ಕರೆ ಓದಿಸಿಕೊಂಡು ಬರ್ತಾರೆ, ಊದು ಹಾಕ್ತಾರೆ, ಹರಕೆ ತೀರಿದರೆ ಕಂದೂರಿ ಊಟ ಹಾಕ್ತಾರೆ. ಬೀದರ್ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿ ಇದೆ. ಕಲಬುರಗಿಯಿಂದ ರಾಜಧಾನಿಯನ್ನ ಬೀದರಿಗೆ ಒಯ್ದವನು ಇವನೇ. ಅವನನ್ನ ಅಲ್ಲಮಪ್ರಭು ಅಂತ ನಂಬೋ ಜನ ಇದ್ದಾರೆ, ಅಲ್ಲಿನ ಉರುಸಿಗೆ ಮಾಡ್ಯಾಳದ ಜಂಗಮರು ಬರಬೇಕು. ಸುರಪುರ ತಾಲೂಕಿನ ತಿಂಥಣಿಯಲ್ಲಿ ಕೃಷ್ಣೆಯ ದಂಡೆಗೆ ಸಂತ ಮೌನೇಶ್ವರ ಇದ್ದಾನೆ, ಅವನ ಜಯಘೋಷದಲ್ಲೇ 'ಪೀರ್' ಅನ್ನೋ ಮಾತಿದೆ. ಮೊಹರಂ ಬಂದರೆ ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಬೆಂಕಿ ಹಾಕೋ ಅಲಾಯಿ ಕುಣಿ ತೋಡಿ, ಪೀರಲ ದೇವರು ಕೂರಿಸಿ, ಮಕ್ಕಳನ್ನ ಹರಕೆಗೆ ಫಕೀರ ಮಾಡ್ತಾರೆ. ಇಂಥ ನೆಲದಲ್ಲಿ ಖಾಜಪ್ಪ, ಪೀರಪ್ಪ, ಹುಸೇನಪ್ಪ, ಫಕೀರಪ್ಪ ಹುಟ್ಟೋದು ಆಶ್ಚರ್ಯದ ಮಾತೇ ಅಲ್ಲ.

ಇದರ ಹಿಂದೆ ಒಂದು ಹೆದರಿಕೆಯೂ ಇದೆ. ಹಿಂದೆ ಹುಟ್ಟಿದ ಕೂಸುಗಳು ತೀರಿಹೋಗಿದ್ದರೆ, ಮುಂದೆ ಹುಟ್ಟಿದ್ದಕ್ಕೆ ಯಾರ ಕಣ್ಣೂ ಬೀಳದ ಹೆಸರು ಇಡ್ತಿದ್ದರು. ತಿಪ್ಪೆ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ ಅನ್ನೋದು, ಕಲ್ಲಿನ ಹಾಗೆ ಗಟ್ಟಿ ಇರಲಿ ಅಂತ ಗುಂಡಪ್ಪ, ಕಲ್ಲಪ್ಪ ಅನ್ನೋದು. ಫಕೀರಪ್ಪನೂ ಇದೇ ಸಾಲಿನವನು ಅಂತ ನನಗೆ ಅನಿಸುತ್ತೆ: ಈ ಕೂಸು ನಮ್ಮದಲ್ಲ, ಫಕೀರನದು, ಬಿಟ್ಟುಬಿಡು ಅಂತ ಸಾವಿಗೆ ಹೇಳೋದು. ಸಾಯಬಣ್ಣನಲ್ಲಿ ಕೆಲವರು ಹೀಗೇ ಬಂದಿರಬಹುದು.

ಆದರೆ ಎಲ್ಲ ಸಾಯಬಣ್ಣರನ್ನೂ ದರ್ಗಾಕ್ಕೆ ಕರೆದುಕೊಂಡು ಹೋಗೋದು ನನಗೆ ಒಪ್ಪಿಗೆಯಿಲ್ಲ. ಈಗ ಕೋಮು ಸೌಹಾರ್ದದ ಬಗ್ಗೆ ಯಾರಾದರೂ ಬರೆದರೆ ಸಾಕು, ಇಂಥ ಹೆಸರುಗಳನ್ನ ತಂದು ಮುಂದೆ ಸಾಲಾಗಿ ನಿಲ್ಲಿಸ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಸಾಹೇಬ ಅನ್ನೋದು ಬರೀ ಸಂತರ ಬಿರುದಲ್ಲ. ಅದು ಅಧಿಕಾರದ ಮಾತೂ ಹೌದು. 1948ರ ಸೆಪ್ಟೆಂಬರ್‌ವರೆಗೆ ಇವತ್ತಿನ ಕಲಬುರಗಿ, ಯಾದಗಿರಿ, ಬೀದರ್ ಈ ಮೂರೂ ಜಿಲ್ಲೆ ಹೈದರಾಬಾದ್ ನಿಜಾಮರ ಕೈಯಲ್ಲಿದ್ದವು. ಸರಕಾರದ ಭಾಷೆ ಉರ್ದು. ಅರ್ಜಿ, ಜಮೀನು, ತಾಲೂಕು, ತಹಸೀಲ್ದಾರ ಎಲ್ಲ ಆ ಕಡೆಯಿಂದ ಬಂದ ಮಾತುಗಳೇ. ಇವತ್ತಿಗೂ ಕಲಬುರಗಿಯಲ್ಲಿ ಅಧಿಕಾರಿ ಅಂದರೆ 'ಸಾಹೇಬ್ರು', ಅವರು ಯಾವ ಜಾತಿಯವರಾದರೂ ಸರಿ. ಮಗ ನಾಳೆ ಸಾಹೇಬ ಆಗಲಿ ಅಂತ ಆಸೆಪಟ್ಟು ಹೆಸರಿಟ್ಟವರೂ ಇರ್ತಾರಲ್ವಾ? ನಮ್ಮ ಕಡೆ ಸಾಹೇಬಗೌಡ ಇದ್ದಾನೆ, ಬೀದರ್ ಕಡೆ ಮರಾಠಿ ಗಾಳಿಯಲ್ಲಿ ಸಾಹೇಬರಾವ್ ಇದ್ದಾನೆ. ಬಾಬಾಸಾಹೇಬ ಅಂದರೆ ಯಾರಿಗಾದರೂ ದರ್ಗಾ ನೆನಪಾಗುತ್ತಾ? ಅಂಬೇಡ್ಕರರೇ ನೆನಪಾಗ್ತಾರೆ.

ಇನ್ನೊಂದು ವಿಷಯ. ಸಾಹೇಬ ಅನ್ನೋದು ಸ್ವಂತ ಹೆಸರಾಗಿ ಈ ನೆಲದಲ್ಲಿ ನಿಂತದ್ದಕ್ಕೆ ಒಂದು ಹಳೇ ಸಾಕ್ಷಿ ಬೀದರಿನಲ್ಲೇ ಇದೆ, ಮತ್ತು ಅದಕ್ಕೂ ದರ್ಗಾಕ್ಕೂ ಸಂಬಂಧ ಇಲ್ಲ. 1699ರ ಬೈಸಾಖಿ ದಿನ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡೋರು ಯಾರು ಅಂತ ಕೇಳಿದಾಗ ಎದ್ದುನಿಂತ ಐವರಲ್ಲಿ ಒಬ್ಬರು ಬೀದರಿನ ಸಾಹಿಬ್ ಚಂದ್, ಕ್ಷೌರಿಕ ಸಮುದಾಯದವರು ಅಂತ ಸಿಖ್ ಪರಂಪರೆ ಹೇಳುತ್ತೆ. ಆಮೇಲೆ ಅವರು ಭಾಯಿ ಸಾಹಿಬ್ ಸಿಂಗ್ ಆದರು. ಬೀದರ್ ಹತ್ತಿರದ ಜನವಾಡದಲ್ಲಿ ಅವರ ನೆನಪಿನ ಗುರುದ್ವಾರ ಇದೆ. ಅವರ ಹೆಸರಿನಿಂದಲೇ ನಮ್ಮ ಸಾಯಬಣ್ಣ ಬಂದ ಅಂತ ನಾನು ಹೇಳ್ತಿಲ್ಲ. ಈ ಸಾಹಿಬ್ ಅನ್ನೋ ಮಾತನ್ನ ಒಂದೇ ಧರ್ಮದ ಗೂಟಕ್ಕೆ ಕಟ್ಟೋಕಾಗಲ್ಲ ಅಂತ ಹೇಳ್ತಿದ್ದೇನೆ, ಅಷ್ಟೇ.

ಹರಕೆಯೂ ಇರಲಿ, ಅಧಿಕಾರದ ಆಸೆಯೂ ಇರಲಿ, ಅವೆಲ್ಲ ಮೊದಲನೇ ಸಾಯಬಣ್ಣನ ಕಥೆ. ಎರಡನೆಯವನು, ಮೂರನೆಯವನು ಬಂದದ್ದು ಯಾಕೆ? ನಮ್ಮ ಮುತ್ಯಾನಿಗೆ ಆ ಹೆಸರು ಯಾಕೆ ಇಟ್ಟರು ಅಂತ ಅಪ್ಪನನ್ನ ಕೇಳಿದರೆ, "ಅವರ ಮುತ್ಯಾನ ಹೆಸರು ಅದೇ ಇತ್ತು" ಅಂದ. ಅಷ್ಟೇ ಉತ್ತರ! ಈ ಕಡೆ ತೀರಿಹೋದ ಹಿರಿಯನ ಹೆಸರನ್ನ ಮೊಮ್ಮಗನಿಗೆ ಇಡೋದು ರೂಢಿ. ಹಿರಿಯರೇ ತಿರುಗಿ ಬಂದರು ಅನ್ನೋ ಭಾವನೆ. ನನ್ನ ಪ್ರಕಾರ ಬಹುಪಾಲು ಸಾಯಬಣ್ಣರು ಹೀಗೇ ಬಂದವರು. ಅವರಪ್ಪ ದರ್ಗಾದ ಮೆಟ್ಟಿಲು ಹತ್ತಿರಲಿಕ್ಕಿಲ್ಲ, ಮಗ ಸಾಹೇಬ ಆಗಲಿ ಅಂತ ಆಸೆಪಟ್ಟಿರಲಿಕ್ಕೂ ಇಲ್ಲ. ಹೆಸರು ಮನೆಯ ತಾಮ್ರದ ಹಂಡೆಯ ಹಾಗೆ ಕೈಯಿಂದ ಕೈಗೆ ಬಂದಿದೆ, ಒಳಗೆ ಏನಿದೆ ಅಂತ ಯಾರೂ ನೋಡಿಲ್ಲ.

ಈ ರೂಢಿಯೊಳಗೆ ಒಂದು ತಮಾಷೆ ಇದೆ. ಮೊಮ್ಮಗನಿಗೆ ಮಾವನ ಹೆಸರಿಟ್ಟರೆ ಸೊಸೆ ಅದನ್ನ ಕರೆಯೋದು ಹೇಗೆ? ಮಾವನ ಹೆಸರು ಹಿಡಿದು ಕರೆಯೋ ಹಾಗಿಲ್ಲ, ಬೈಯೋ ಹಾಗಂತೂ ಇಲ್ಲವೇ ಇಲ್ಲ. ಅದಕ್ಕೆ ಮನೆಯಲ್ಲಿ ಕರೆಯೋ ಹೆಸರು ಬೇರೆ. ನಮ್ಮೂರಲ್ಲಿ ಒಬ್ಬ ಸಾಯಬಣ್ಣನನ್ನ ಊರೆಲ್ಲ ರಾಜು ಅಂತಿತ್ತು. ಅವನ ನಿಜವಾದ ಹೆಸರು ನನಗೆ ಗೊತ್ತಾದದ್ದು ಅವನ ಮದುವೆ ಕಾರ್ಡಿನಲ್ಲಿ. ಹೀಗೆ ಎರಡು ಹೆಸರು ಇದ್ದಾಗ ಮೊದಲನೆಯದಕ್ಕೆ ಪೆಟ್ಟು ಬೀಳ್ತಿರಲಿಲ್ಲ. ಅದು ಪೆಟ್ಟಿಗೆಯೊಳಗಿನ ಹೆಸರು, ಬೀದಿಯಲ್ಲಿ ಓಡಾಡೋದು ಇನ್ನೊಂದು. ಶಾಲೆ ಬಂದ ಮೇಲೆ ಹಾಜರಿ ಕೂಗೋದು ಪೆಟ್ಟಿಗೆಯೊಳಗಿನ ಹೆಸರನ್ನ, ಅಲ್ಲಿಂದ ತೊಂದರೆ ಶುರು.

ಯಾಕಂದ್ರೆ ಅಷ್ಟರಲ್ಲಿ 'ಸಾಬ' ಅನ್ನೋ ಮಾತು ಬದಲಾಗಿತ್ತು. ಸಾಹೇಬ್ರು ಅಂದರೆ ಅಧಿಕಾರಿ, ಆದರೆ ಸಾಬ್ರು ಅಂದರೆ ಮುಸ್ಲಿಮರು ಅನ್ನೋ ಬಳಕೆ ಕರ್ನಾಟಕದ ತುಂಬ ಇದೆ. ಮರ್ಯಾದೆಯ ಮಾತೇ ಜಾತಿ ತೋರಿಸೋ ಮಾತಾಯ್ತು, ಹೇಳೋರ ದನಿ ಮೇಲೆ ಒಮ್ಮೊಮ್ಮೆ ಬೈಗುಳವೂ ಆಯ್ತು. ಅದಕ್ಕೆ ಸರಿಯಾಗಿ ನಮ್ಮ ಕಡೆ ಹೆಸರನ್ನ ಮುರಿದು ಕರೆಯೋ ಚಟ ಬೇರೆ. ಮಲ್ಲಿಕಾರ್ಜುನ ಮಲ್ಲು ಆಗ್ತಾನೆ, ಬಸವರಾಜ ಬಸು, ದೇವೀಂದ್ರಪ್ಪ ದೇವು, ಶರಣಬಸಪ್ಪ ಶರಣು. ಶರಣುವನ್ನ ಇನ್ನಷ್ಟು ಕತ್ತರಿಸಿ 'ಶರಣ್' ಅಂದರೆ ಬೆಂಗಳೂರಿನ ಐಟಿ ಕಂಪನಿಯಲ್ಲೂ ನಡೆಯುತ್ತೆ. ಸಾಯಬಣ್ಣನನ್ನ ಮುರಿದರೆ ಏನಾಗುತ್ತೆ? ಸಾಬು. ಜಗಳ ಬಂದರೆ ಸಾಬ್ಯಾ. ಎಲ್ಲಿ ಮುರಿದರೂ ಅದೇ ಬರುತ್ತೆ. ಹಳೇ ಹೆಸರುಗಳಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಅನ್ನೋದಕ್ಕೆ ದೊಡ್ಡ ದೊಡ್ಡ ಕಾರಣ ಹುಡುಕೋ ಮೊದಲು ಇದನ್ನ ನೋಡಬೇಕು. ಮುರಿದಾಗಲೂ ಚೆಂದ ಕೇಳೋ ಹೆಸರು ಬದುಕಿತು. ಕೂಸಿನ ತಾಯಿ ನಗ್ತಾರೆ ಅಂದದ್ದು ಇದಕ್ಕೇ. ಅವಳನ್ನ ಕೋಮುವಾದಿ ಅನ್ನೋಕೆ ನನಗೆ ಮನಸ್ಸಿಲ್ಲ. ಅವಳು ಮಗನ ಶಾಲೆಯ ಹತ್ತು ವರ್ಷ ನೆನೆಸಿಕೊಂಡು ಮಾತಾಡಿದಳು. ಆದರೆ ಶಾಲೆಯಲ್ಲಿ ಆ ಹೆಸರು ಕೇಳಿ ನಗೋ ಮಕ್ಕಳಿಗೆ ಆ ನಗು ಎಲ್ಲಿಂದ ಬಂತು ಅಂತ ಕೇಳಿದರೆ, ಅದು ದೊಡ್ಡವರ ಮನೆಯಿಂದಲೇ ಬಂದದ್ದು.

ಹೆಸರು ಬದಲಿಸಿಕೊಂಡವರೂ ಇದ್ದಾರೆ. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಸಾಯಬಣ್ಣ ಹೋಗಿ 'ಸಾಯಿ' ಆಗೋದು. ಮುತ್ಯಾ ಸಾಯಬಣ್ಣ, ಮೊಮ್ಮಗ ಸಾಯಿಕುಮಾರ ಅಥವಾ ಸಾಯಿಕಿರಣ. ಮೊದಲ ಅಕ್ಷರ ಉಳಿಯಿತು, ಹಿರಿಯರಿಗೂ ಸಮಾಧಾನ, ಶಾಲೆಯಲ್ಲೂ ತೊಂದರೆ ಇಲ್ಲ. ಆದರೆ ಶಿರಡಿಯ ಸಾಯಿಬಾಬಾ 1918ರಲ್ಲಿ ತೀರಿಕೊಳ್ಳುವವರೆಗೆ ಇದ್ದದ್ದು ಮಸೀದಿಯಲ್ಲಿ, ಫಕೀರನ ವೇಷದಲ್ಲಿ. ಸಾಯಿ ಅನ್ನೋದೂ ಫಕೀರರನ್ನ ಕರೆಯೋ ಮರ್ಯಾದೆಯ ಮಾತು, ಒಡೆಯ ಅನ್ನೋ ಅರ್ಥದ್ದು. ಸಾಹೇಬನಿಂದ ತಪ್ಪಿಸಿಕೊಂಡು ಹೋದವರು ಸುತ್ತು ಹಾಕಿ ಇನ್ನೊಬ್ಬ ಸಾಹೇಬನ ಬಾಗಿಲಿಗೇ ಬಂದು ನಿಂತಿದ್ದಾರೆ. ಸುಮ್ನೆ ಹೇಳಿದೆ, ಯಾರೂ ಬೇಜಾರು ಮಾಡ್ಕೋಬೇಡಿ.

ಇನ್ನು ಕಾಗದ ಪತ್ರದ ಕಾಟ. ಇದರ ಬಗ್ಗೆ ಯಾರೂ ಬರೆಯಲ್ಲ, ಆದರೆ ಈಗ ಹೆಸರಿಡುವಾಗ ಜನ ಹೆದರೋದು ಇದಕ್ಕೇ ಜಾಸ್ತಿ ಅಂತ ನನ್ನ ಅನುಮಾನ. ನಮ್ಮ ಮುತ್ಯಾನ ಹೆಸರು ಪಹಣಿಯಲ್ಲಿ ಸಾಹೇಬಣ್ಣ. ಆಧಾರ್‌ನಲ್ಲಿ ಕನ್ನಡದಲ್ಲಿ ಸಾಯಬಣ್ಣ, ಪಕ್ಕದ ಇಂಗ್ಲಿಷ್ ಅಕ್ಷರದಲ್ಲಿ ಸೈಬಣ್ಣ. ಮತದಾರರ ಚೀಟಿಯಲ್ಲಿ ಸಾಬಣ್ಣ. ಮರಣ ಪತ್ರದಲ್ಲಿ ಬರೆದವರು ಏನು ಕೇಳಿಸಿಕೊಂಡರೋ, ಸಾಯಿಬಣ್ಣ. ಒಬ್ಬ ಮನುಷ್ಯ, ಐದು ರೂಪ. ಹಳೇ ಟ್ರಂಕಿನಲ್ಲಿ ಉರ್ದುವಿನಲ್ಲಿ ಬರೆದ ಒಂದು ಹಾಳೆಯೂ ಇದೆ. ಉರ್ದುವಿನಲ್ಲಿ ಸಾಹಿಬ್ ಬರೆಯೋಕೆ ಒಂದೇ ದಾರಿ. ಅದರೊಳಗಿನ 'ಹ' ಬಿಡೋ ಹಾಗಿಲ್ಲ. 1956ರ ನವೆಂಬರಿನಲ್ಲಿ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ದಾಖಲೆಗಳು ಕನ್ನಡಕ್ಕೆ ಬಂದವು. ಓದಿದವರು ಸಾಹೇಬಣ್ಣ ಅಂತ ಬರೆದರು, ಬಾಯಿಂದ ಕೇಳಿ ಬರೆದವರು ಸಾಯಬಣ್ಣ ಅಂತ ಬರೆದರು.

ಮುತ್ಯಾ ತೀರಿಹೋದ ಮೇಲೆ ಹೊಲ ಮಕ್ಕಳ ಹೆಸರಿಗೆ ಪೌತಿ ಮಾಡಿಸಬೇಕಿತ್ತು. ಪಹಣಿಯಲ್ಲಿರೋನು ಬೇರೆ, ಸತ್ತವನು ಬೇರೆ ಅಂತ ಕಚೇರಿಯಲ್ಲಿ ಅರ್ಜಿ ವಾಪಸ್ ಕಳಿಸಿದರು. ನಿಯಮದ ಪ್ರಕಾರ ಅವರದ್ದೂ ತಪ್ಪಲ್ಲ ಬಿಡಿ. ಬಾಂಡ್ ಪೇಪರ್ ತಂದು, ನೋಟರಿ ಮಾಡಿಸಿ, ಈ ಐದೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಕೊಟ್ಟು, ವಂಶಾವಳಿ ತಂದು, ಊರಿನ ಹಿರಿಯರಿಂದ ಪಂಚನಾಮೆ ಮಾಡಿಸಿ, ಹೊಲದಲ್ಲಿ ತೊಗರಿ ಬಿತ್ತಿ ರಾಶಿ ಆದರೂ ಕೆಲಸ ಆಗಿರಲಿಲ್ಲ. ಕಾಕಾ ಆಗ ಸಿಟ್ಟಿನಲ್ಲಿ, "ನಮ್ಮಪ್ಪಗ ಹೆಸರಿಟ್ಟವರನ್ನ ಮೊದಲು ಕಚೇರಿಗೆ ಕರ್ಸ್ರಿ" ಅಂದಿದ್ದ. ಅದೇ ಕಾಕಾನ ಮೊಮ್ಮಗನಿಗೇ ಈಗ ಅಥರ್ವ ಅಂತ ಹೆಸರಿಟ್ಟಿದ್ದು.

ಈಗಂತೂ ನಿಯಮ ಇನ್ನೂ ಬಿಗಿ. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದವರಿಗೆ ಶಾಲೆ, ಆಧಾರ್, ಲೈಸೆನ್ಸ್, ನೌಕರಿ ಎಲ್ಲದಕ್ಕೂ ಹುಟ್ಟಿದ ದಿನಕ್ಕೆ ಜನನ ಪತ್ರವೇ ಆಧಾರ. ಮೊದಲು ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತಿಳಿದ ಹುಟ್ಟಿದ ದಿನ ಬರೆದುಕೊಳ್ತಿದ್ದ ಹಾಗೇ ತಮಗೆ ಇಷ್ಟ ಬಂದ ಹೆಸರನ್ನೂ ಬರೆದುಕೊಳ್ತಿದ್ದರು. ನಮ್ಮ ಕಡೆ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1, ಅದು ಮೇಷ್ಟ್ರ ಕೃಪೆ. ಆಧಾರ್‌ನಲ್ಲಿ ಹೆಸರು ತಿದ್ದೋಕೆ ಜೀವನದಲ್ಲಿ ಸಿಗೋದು ಎರಡೇ ಅವಕಾಶ. ಹೀಗಿರುವಾಗ ಯಾರು ಕೇಳಿದರೂ ಒಂದೇ ಥರ ಬರೆಯೋ ಹೆಸರು ಇರಲಿ ಅಂತ ಜನ ಯೋಚಿಸಿದರೆ ಅದರಲ್ಲಿ ಅರ್ಥ ಇದೆ. ಹಾಗಂತ ಈಗಿನ ಹೊಸ ಹೆಸರುಗಳು ಸುಲಭ ಅಂದುಕೋಬೇಡಿ. ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಅಥರ್ವ ಆಗಲೇ 'ಅತರ್ವ' ಆಗಿರುತ್ತೆ. ಆಯಿಯ ಬಾಯಲ್ಲಿ ಅತ್ರು.

ಸಾಯಬಣ್ಣ ಅನ್ನೋ ಹೆಸರು ಮತ್ತೆ ಬರುತ್ತಾ? ನನಗೆ ಅನುಮಾನ. 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಹೋಗಿ ಕಲಬುರಗಿ ವಾಪಸ್ ಬಂತು, ಅದಕ್ಕೆ ಸರಕಾರದ ಆದೇಶ ಇತ್ತು, ಬೋರ್ಡು ಬದಲಿಸೋಕೆ ಜನ ಇದ್ದರು. ಮನುಷ್ಯರ ಹೆಸರಿಗೆ ಅಂಥದ್ದೇನೂ ಇಲ್ಲ. ಈ ಹೆಸರನ್ನ ಭಕ್ತಿ ಕಾಪಾಡಿದ್ದಿದ್ದರೆ ದರ್ಗಾಕ್ಕೆ ಹೋಗೋರು ಇವತ್ತಿಗೂ ಇದ್ದಾರೆ, ಹೆಸರೂ ಇರಬೇಕಿತ್ತು. ಅದನ್ನ ಕಾಪಾಡಿದ್ದು ಮುತ್ಯಾನ ಹೆಸರು ಮೊಮ್ಮಗನಿಗೆ ಅನ್ನೋ ಸರಪಳಿ. ಅದರಲ್ಲಿ ಒಂದು ಕೊಂಡಿ ಬಿಟ್ಟರೆ ಮುಗೀತು, ಮುಂದಿನವನು ಹೋಲಿಸಿಕೊಳ್ಳೋಕೆ ಮನೆಯಲ್ಲಿ ಆ ಹೆಸರಿನ ಮುತ್ಯಾನೇ ಇರಲ್ಲ. ಅಥರ್ವನ ಮೊಮ್ಮಗನಿಗೆ ಹಳೇ ಹೆಸರು ಇಡಬೇಕು ಅನಿಸಿದರೆ ಅಥರ್ವ ಅಂತಲೇ ಇಡ್ತಾರೆ.

ಮೊನ್ನೆ ಮತ್ತೆ ಹೋಗಿದ್ದೆ. ಕೂಸು ಜೋಳಿಗೆಯಲ್ಲಿ ಮಲಗಿತ್ತು. ಆಯಿ ಅದನ್ನ ತೂಗುತ್ತ ಅಡುಗೆಮನೆ ಕಡೆ ಕೂಗಿ ಹೇಳಿದಳು: "ಹಾಲು ಕಾಸ್ರೇ, ಸಾಹೇಬ್ರು ಎದ್ದಾರ." ಕೂಸನ್ನ ಮುದ್ದಿಗೆ ಎಲ್ಲರೂ ಹಾಗೆ ಕರೀತಾರೆ, ಅದರಲ್ಲಿ ಯಾರಿಗೂ ಏನೂ ಅನಿಸಲಿಲ್ಲ. ಒಳಗಿಂದ ಕೂಸಿನ ತಾಯಿ ಹಾಲಿನ ಬಟ್ಟಲು ತಂದಳು. "ಬಾ ಅಥರ್ವಾ" ಅಂತ ಎತ್ತಿಕೊಂಡಳು. ಆಯಿ ಖಾಲಿ ಜೋಳಿಗೆಯನ್ನ ಇನ್ನೊಂದು ಸ್ವಲ್ಪ ಹೊತ್ತು ತೂಗುತ್ತಲೇ ಇದ್ದಳು.